ತೋಳನ್ನು ಭುಜದಿಂದ ಕೆಳಗೆ ಹೆಣೆಯಿರಿ

ಮೊನ್ನೆ ನಮ್ಮ ಓಣಿಯ ಹುಡುಗಿಯೊಬ್ಬಳು ಮಗನ ಸ್ವೆಟರ್ ಹಿಡಿದುಕೊಂಡು ಬಂದಳು. ಹೋದ ವರ್ಷ ಅವಳೇ ಹೆಣೆದದ್ದು. ಮೈ ಇನ್ನೂ ಚೆನ್ನಾಗಿಯೇ ಆಗುತ್ತದೆ, ತೋಳು ಮಾತ್ರ ಮುಂಗೈಗಿಂತ ನಾಲ್ಕು ಬೆರಳು ಮೇಲೆ ನಿಂತಿದೆ. "ದೊಡ್ಡವ್ವ, ಇದರ ತೋಳು ಬಿಚ್ಚಿ ಉದ್ದ ಮಾಡಿ ಕೊಡ್ರಿ" ಅಂದಳು. ನೋಡಿದೆ. ಮುಂಗೈ ಬಾರ್ಡರ್‌ನಿಂದ ಶುರು ಮಾಡಿ ಮೇಲಕ್ಕೆ ಹೆಣೆದಿದ್ದಾಳೆ. ಹಾಗೆ ಹೆಣೆದ ತೋಳನ್ನು ಮುಂಗೈ ಕಡೆಯಿಂದ ಬಿಚ್ಚಲು ಬರುವುದಿಲ್ಲ. ಹೆಣಿಗೆ ಸರಸರ ಬಿಚ್ಚುವುದು ಮುಗಿಸಿದ ತುದಿಯಿಂದ ಮಾತ್ರ. ಶುರು ಮಾಡಿದ ತುದಿಯಿಂದ ಎಳೆದರೆ ಒಂದೊಂದು ಕುಣಿಕೆಗೂ ಸಿಕ್ಕಿಕೊಳ್ಳುತ್ತದೆ. ಇದನ್ನು ಎಷ್ಟು ಜನರಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ತಲೆ ಆಡಿಸುತ್ತಾರೆ, ಮನೆಗೆ ಹೋಗಿ ಮೊಬೈಲಿನಲ್ಲಿ ನೋಡಿದ ಹಾಗೆಯೇ ಹೆಣೆಯುತ್ತಾರೆ. ಅದಕ್ಕೇ ಇವತ್ತು ಕುಳಿತು ಬರೆಯುತ್ತಿದ್ದೇನೆ.

ಕೊಪ್ಪಳದ ಬಿಸಿಲಿಗೆ ಸ್ವೆಟರ್ ಯಾಕೆ ಅನ್ನುವವರು ಎಳ್ಳ ಅಮಾವಾಸ್ಯೆ ದಿನ ಹೊತ್ತು ಮೂಡುವ ಮೊದಲು ನಮ್ಮ ಹೊಲಕ್ಕೆ ಬರಬೇಕು. ಹೊಲಕ್ಕೆ ಚೆಲ್ಲುವ ಚರಗದ ಅಡುಗೆ ಕಟ್ಟಿಕೊಳ್ಳುವಾಗ ಬೆರಳು ಮರಗಟ್ಟುತ್ತವೆ. ಅದರ ಹಿಂದೆಯೇ ಜನವರಿಯಲ್ಲಿ ಗವಿಮಠದ ಜಾತ್ರೆ. ತೇರು ಎಳೆದ ಮೇಲೆ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ರಾತ್ರಿಯಲ್ಲಿ ತಿರುಗುತ್ತೇವೆ, ಅವುಗಳ ಕಿವಿ ತಣ್ಣಗೆ ಕಲ್ಲಿನಂತೆ ಆಗಿರುತ್ತವೆ. ಆದರೆ ನಮ್ಮ ಚಳಿ ಎರಡು ತಿಂಗಳ ಚಳಿ. ಅದೂ ಬೆಳಿಗ್ಗೆ ಹತ್ತು ಗಂಟೆಯವರೆಗೆ. ಆಮೇಲೆ ಬಿಸಿಲು ಚುರುಗುಟ್ಟುತ್ತದೆ. ಆದ್ದರಿಂದ ಇಲ್ಲಿಗೆ ತೆಳು ಉಲ್ಲನ್ ಬೇಕು, ಎದೆ ತೆರೆದು ಗುಂಡಿ ಹಾಕುವಂಥ ಸ್ವೆಟರ್ ಬೇಕು. ಮಗು ತಾನೇ ಬಿಚ್ಚಿ ಚೀಲದಲ್ಲಿ ಇಟ್ಟುಕೊಳ್ಳಬೇಕು. ಈಗಿನವರು ಬೆರಳು ದಪ್ಪದ ಉಲ್ಲನ್ ತರುತ್ತಾರೆ, ಬೇಗ ಮುಗಿಯುತ್ತದೆ ಅಂತ. ಮುಗಿಯುತ್ತದೆ ನಿಜ. ಅದನ್ನು ಮಗು ಒಂದು ದಿನ ಹಾಕಿಕೊಂಡು ಬೆವರಿ ಬಿಸಾಡುತ್ತದೆ. ಆಮೇಲೆ ಅದು ಟ್ರಂಕಿನಲ್ಲಿ ಬೀಳುತ್ತದೆ.

ಉಲ್ಲನ್ ತರುವಾಗ ಪೂರ್ತಿ ಒಂದೇ ಸಲ ತನ್ನಿ. ಲುಧಿಯಾನದಿಂದ ಬರುವ ಪ್ಯಾಕೆಟ್ ಆಗಲಿ, ಬೇರೆ ಯಾವುದೇ ಆಗಲಿ, ಸುತ್ತಿದ ಪಟ್ಟಿಯ ಮೇಲೆ ಬಣ್ಣದ ನಂಬರಿನ ಜೊತೆ ಲಾಟ್ ನಂಬರ್, ಅಂದರೆ ಒಂದೇ ಸಲಕ್ಕೆ ಬಣ್ಣ ಹಾಕಿದ ದಾರದ ನಂಬರ್ ಇರುತ್ತದೆ. ಎಲ್ಲ ಉಂಡೆಗಳ ಮೇಲೂ ಈ ಎರಡು ನಂಬರ್ ಅದದೇ ಇರಬೇಕು. ಅಂಗಡಿಯ ದೀಪದಲ್ಲಿ ಒಂದೇ ಬಣ್ಣ ಕಂಡದ್ದು ಅಂಗಳದ ಬೆಳಕಿನಲ್ಲಿ ಎರಡಾಗುತ್ತದೆ. ಕೊಳ್ಳುವ ಮೊದಲು ದಾರವನ್ನು ಕಿವಿಯ ಕೆಳಗೆ ಕುತ್ತಿಗೆಗೆ ಉಜ್ಜಿ ನೋಡಿ. ನಿಮಗೆ ಚುಚ್ಚಿದರೆ ಕೂಸಿಗೂ ಚುಚ್ಚುತ್ತದೆ. ನಮ್ಮ ಕಡೆ ಉಣ್ಣೆ ಅಂದರೆ ಮೊದಲಿನಿಂದಲೂ ಕುರುಬರು ನೇಯ್ದ ಕಂಬಳಿ. ನಮ್ಮ ದಖ್ಖನಿ ಕುರಿಯ ಉಣ್ಣೆ ಒರಟು. ಅದರ ದಾರಕ್ಕೆ ಹುಣಸೆ ಬೀಜದ ಗಂಜಿ ಹಾಕಿ ನೇಯುತ್ತಾರೆ, ಕಂಬಳಿ ಮಳೆಗೂ ಜಗ್ಗುವುದಿಲ್ಲ. ಹೊದೆಯಲು ಅದರಂಥದ್ದು ಇನ್ನೊಂದಿಲ್ಲ. ಕೂಸಿನ ಮೈಗೆ ಹೆಣೆಯಲು ಮಾತ್ರ ಅದು ಬೇಡ.

ಕಡ್ಡಿಯ ನಂಬರಿನಲ್ಲೂ ಎಡವುತ್ತಾರೆ. ನಮ್ಮ ಹಳೆಯ ಲೆಕ್ಕದಲ್ಲಿ ನಂಬರ್ ದೊಡ್ಡದಾದಷ್ಟೂ ಕಡ್ಡಿ ಸಣ್ಣ. 8 ನಂಬರ್ ಅಂದರೆ 4 ಮಿಲಿಮೀಟರ್, 10 ನಂಬರ್ 3.25, 12 ನಂಬರ್ 2.75. ಈಗ ಕೆಲವು ಕಡ್ಡಿಗಳ ಮೇಲೆ ಮಿಲಿಮೀಟರ್ ಮಾತ್ರ ಬರೆದಿರುತ್ತದೆ, ಅಲ್ಲಿ ಲೆಕ್ಕ ತಿರುವುಮುರುವು. ತೆಳು ಉಲ್ಲನ್ನಿಗೆ ಬಾರ್ಡರ್ 12ರಲ್ಲಿ, ಮೈ 10ರಲ್ಲಿ. ಮೊದಲ ಸಾಲಿನ ಕುಣಿಕೆ ಹಾಕುವಾಗ ಎರಡು ಕಡ್ಡಿ ಜೋಡಿಸಿ ಹಿಡಿದು ಅದರ ಮೇಲೆ ಹಾಕಿ, ಆಮೇಲೆ ಒಂದನ್ನು ಎಳೆದುಬಿಡಿ. ಅಂಚು ಸಡಿಲವಾಗಿ ಬರುತ್ತದೆ. ಅಂಚು ಬಿಗಿ ಮಾಡಿ, ಸೊಂಟದ ಹತ್ತಿರ ಚೀಲದ ಬಾಯಿಯ ಹಾಗೆ ಕಟ್ಟಿಕೊಂಡ ಸ್ವೆಟರ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ.

ಅಳತೆಗೆ ಟೇಪು ಹುಡುಕುತ್ತಾ ಕೂರಬೇಡಿ. ಮಗುವಿಗೆ ಈಗ ಸರಿಯಾಗುವ ಅಂಗಿಯನ್ನು ಚಾಪೆಯ ಮೇಲೆ ಹರಡಿ. ಅಗಲಕ್ಕೆ ಎರಡು ಬೆರಳು, ಉದ್ದಕ್ಕೆ ನಾಲ್ಕು ಬೆರಳು ಜಾಸ್ತಿ ಇಟ್ಟುಕೊಳ್ಳಿ, ಸಾಕು. ಆದರೆ ಮೊದಲು ಅಂಗೈ ಅಗಲದ ಒಂದು ತುಂಡು ಹೆಣೆದು, ಒಗೆದು, ಒಣಗಿಸಿ, ಆಮೇಲೆ ಅಷ್ಟು ಅಗಲಕ್ಕೆ ಎಷ್ಟು ಕುಣಿಕೆ ಬಂತು ಎಣಿಸಿ, ಆ ಲೆಕ್ಕದ ಮೇಲೆ ಮೈಗೆ ಕುಣಿಕೆ ಹಾಕಿ. ಒಗೆಯದೆ ಎಣಿಸಿದ ಲೆಕ್ಕ ಲೆಕ್ಕವಲ್ಲ.

"ನಮಗೆ ಟೈಮ್ ಎಲ್ಲಿದೆ?" ಅನ್ನುತ್ತಾರೆ. ನಮ್ಮ ಮನೆಯಲ್ಲಿ ಒಂಬತ್ತು ಜನ ಇದ್ದೆವು. ಮೂರು ಮಕ್ಕಳು, ಅತ್ತೆ ಮಾವ, ಮೈದುನರು. ನನಗೆ ಒಂದು ತಾಸು ಸುಮ್ನೆ ಕೂತದ್ದು ನೆನಪಿಲ್ಲ. ಸ್ವೆಟರ್ ಹೆಣೆದದ್ದೆಲ್ಲ ನಳದ ಪಾಳಿಗೆ ನಿಂತಾಗ, ಬೇಳೆ ಕುದಿಯುವಾಗ, ಕರೆಂಟ್ ಹೋದಾಗ, ಹುಬ್ಬಳ್ಳಿಗೆ ಹೋಗುವ ರೈಲಿನಲ್ಲಿ. ಕೊಪ್ಪಳದಲ್ಲಿ ಹತ್ತಿದರೆ ಗದಗ ಬರುವಷ್ಟರಲ್ಲಿ ಒಂದು ಬಾರ್ಡರ್ ಮುಗಿಯುತ್ತಿತ್ತು. ದಿನಕ್ಕೆ ನಾಲ್ಕೇ ಸಾಲು ಆದರೂ ನಾಗರ ಪಂಚಮಿಗೆ ಶುರು ಮಾಡಿದರೆ ದೀಪಾವಳಿಗೆ ಒಂದು ಮಗುವಿನ ಸ್ವೆಟರ್ ಕೈಗೆ ಬರುತ್ತದೆ. ದೀಪಾವಳಿಗೆ ಶುರು ಮಾಡುವವರು ಯುಗಾದಿಗೆ ಮುಗಿಸುತ್ತಾರೆ. ಆ ಬೇಸಿಗೆಯಲ್ಲಿ ಅದನ್ನು ಯಾರಿಗೆ ಹಾಕುತ್ತೀರಿ? ಬೇಸಿಗೆಯಲ್ಲಿ ಹೆಣೆಯಲೂ ಬೇಡಿ, ಕೈ ಬೆವರಿ ದಾರ ಕಡ್ಡಿಗೆ ಅಂಟುತ್ತದೆ.

ಹೀಗೆ ಬಿಡುವು ಸಿಕ್ಕಾಗ ಹೆಣೆಯುವವರು ಒಂದು ಮಾತು ನೆನಪಿಡಬೇಕು. ಸಾಲಿನ ಮಧ್ಯೆ ಎದ್ದು ಹೋಗಬಾರದು. ಹಾಲು ಉಕ್ಕಿದರೂ ಸಾಲು ಮುಗಿಸಿಯೇ ಏಳಿ. ಮಧ್ಯೆ ಬಿಟ್ಟರೆ ತಿರುಗಿ ಬಂದಾಗ ಯಾವ ಕಡೆ ಹೊರಟಿದ್ದೆವು ಎನ್ನುವುದು ತಿಳಿಯದೆ ಹಿಂದಕ್ಕೇ ಹೆಣೆಯುತ್ತೀರಿ, ಅಲ್ಲೊಂದು ತೂತು ಬೀಳುತ್ತದೆ. ಎದ್ದಾಗ ಕಡ್ಡಿಯ ತುದಿಗೆ ಜೋಳದ ದಂಟಿನ ಬೆಂಡು ಚುಚ್ಚಿ ಇಡಿ, ಕುಣಿಕೆ ಜಾರುವುದಿಲ್ಲ, ಮಕ್ಕಳ ಕಣ್ಣಿಗೂ ತಾಗುವುದಿಲ್ಲ. ಉಂಡೆಯನ್ನು ತಂಬಿಗೆಯೊಳಗೆ ಹಾಕಿಟ್ಟರೆ ಮನೆಯೆಲ್ಲ ಉರುಳುವುದಿಲ್ಲ. ಸಾಲು ಎಣಿಸಲು ಹುಣಸೆ ಬೀಜ ಇಟ್ಟುಕೊಳ್ಳಿ, ಹತ್ತು ಸಾಲಿಗೆ ಒಂದು ಬೀಜ. ನನ್ನ ಎರಡನೆಯ ಮಗಳು ಒಮ್ಮೆ ಆ ಬೀಜಗಳನ್ನೆಲ್ಲ ಚೌಕಾಬಾರಕ್ಕೆ ಎತ್ತಿಕೊಂಡು ಹೋಗಿದ್ದಳು. ಆ ದಿನ ಸ್ವೆಟರಿನ ಹಿಂಭಾಗದ ಸಾಲುಗಳನ್ನೆಲ್ಲ ಕಂದೀಲಿನ ಬೆಳಕಿನಲ್ಲಿ ಬೆರಳಿಟ್ಟು ಎಣಿಸಿದೆ. ಅಂದಿನಿಂದ ಬೀಜಗಳನ್ನು ಡಬ್ಬಿಯಲ್ಲಿ ಹಾಕಿ ಮುಚ್ಚಳ ಮುಚ್ಚುತ್ತೇನೆ.

ರೊಟ್ಟಿ ಕಡಕ್ ಆಗಲಿ ಎಂದು ಕೆಂಡದ ಪಕ್ಕ ನಿಲ್ಲಿಸಿ ನಾನು ಹೆಣೆಯುತ್ತಿದ್ದೆ, ಆಗಾಗ ತಿರುಗಿಸಿ ಇಡುತ್ತಿದ್ದೆ.

ಈಗ ತೋಳಿನ ವಿಷಯ. ಇದನ್ನು ನಿಧಾನವಾಗಿ ಓದಿ.

ಮೈಯ ಮುಂಭಾಗ, ಹಿಂಭಾಗ ಹೆಣೆದು ಭುಜ ಮಾತ್ರ ಜೋಡಿಸಿ. ಪಕ್ಕದ ಹೊಲಿಗೆ ಈಗಲೇ ಹಾಕಬೇಡಿ. ಸ್ವೆಟರನ್ನು ಚಾಪೆಯ ಮೇಲೆ ಬಿಡಿಸಿ ಹರಡಿ. ಭುಜದ ಹೊಲಿಗೆಯಿಂದ ಮುಂದಕ್ಕೆ, ಹಿಂದಕ್ಕೆ ತೋಳಿನ ಅಗಲ ಎಷ್ಟು ಬೇಕೋ ಅಷ್ಟಕ್ಕೆ ಬೇರೆ ಬಣ್ಣದ ದಾರ ಕಟ್ಟಿ ಗುರುತು ಮಾಡಿ. ಆ ಗುರುತಿನಿಂದ ಈ ಗುರುತಿನವರೆಗೆ ಅಂಚಿನಲ್ಲಿ ಕಡ್ಡಿ ಚುಚ್ಚಿ ಹೊಸ ಕುಣಿಕೆ ಎತ್ತಿಕೊಳ್ಳಿ. ನಾಲ್ಕು ಸಾಲಿಗೆ ಮೂರು ಕುಣಿಕೆ, ಒಂದನ್ನು ಬಿಡಬೇಕು. ಪ್ರತಿ ಸಾಲಿಗೂ ಎತ್ತಿದರೆ ತೋಳು ಕೊಡೆಯ ಹಾಗೆ ಅರಳುತ್ತದೆ. ಇಲ್ಲಿಂದ ಕೆಳಕ್ಕೆ ಹೆಣೆಯುತ್ತಾ ಹೋಗಿ. ಆರು ಸಾಲಿಗೊಮ್ಮೆ ಎರಡೂ ಪಕ್ಕದಲ್ಲಿ ಒಂದೊಂದು ಕುಣಿಕೆ ಕಡಿಮೆ ಮಾಡಿ. ತೀರಾ ಅಂಚಿನಲ್ಲಿ ಬೇಡ, ಒಂದು ಕುಣಿಕೆ ಒಳಗೆ ಬಂದು ಎರಡನ್ನು ಜೋಡಿಸಿ ಹೆಣೆಯಿರಿ. ಮುಂಗೈ ಬಂದಾಗ 12 ನಂಬರ್ ಕಡ್ಡಿಗೆ ಬನ್ನಿ, ಒಂದು ಸೀದಾ ಒಂದು ಉಲ್ಟಾ ಹಾಕಿ ನಾಲ್ಕು ಬೆರಳು ಬಾರ್ಡರ್. ಮುಚ್ಚುವಾಗ ಮತ್ತೆ 10 ನಂಬರ್ ಕಡ್ಡಿ, ಸಡಿಲವಾಗಿ. ಕೊನೆಯ ದಾರ ಒಂದು ಗೇಣು ಉದ್ದ ಬಿಟ್ಟು ಒಳಗೆ ಸೇರಿಸಿ. ಸೇರಿಸಿದ ಜಾಗಕ್ಕೆ ಕೆಂಪು ನೂಲಿನ ಸಣ್ಣ ಗಂಟು ಹಾಕಿ. ಎರಡು ವರ್ಷ ಬಿಟ್ಟು ಈ ತುದಿ ಎಲ್ಲಿದೆ ಅಂತ ಹುಡುಕುವವರು ನೀವೇ. ಗಂಟು ಇಲ್ಲದಿದ್ದರೆ ಕತ್ತರಿ ಹಾಕಿ ಕೆಡಿಸುತ್ತೀರಿ.

ಪಕ್ಕದ ಹೊಲಿಗೆಯನ್ನು ಸೊಂಟದಿಂದ ತೋಳಿನವರೆಗೆ ಒಂದೇ ದಾರದಲ್ಲಿ ಹಾಕಿ, ಆದರೆ ಮುಂಗೈ ಬಾರ್ಡರಿನ ನಾಲ್ಕು ಬೆರಳು ಬಂದಾಗ ಅಲ್ಲಿಗೆ ಗಂಟು ಹಾಕಿ ಬೇರೆ ದಾರ ತೆಗೆದುಕೊಳ್ಳಿ. ಮುಂದೆ ತೋಳು ಬಿಚ್ಚುವಾಗ ಅಷ್ಟೇ ಹೊಲಿಗೆ ಬಿಚ್ಚಬೇಕಾಗುತ್ತದೆ.

ಇನ್ನು ಉಳಿದ ಉಲ್ಲನ್. ಮೋಸಂಬಿ ಗಾತ್ರದ ಉಂಡೆಯಾದರೂ ಉಳಿಸಿಕೊಳ್ಳಿ. ಅದನ್ನು ಉಂಡೆಯಾಗಿ ಇಡಬಾರದು. ಎರಡು ಮೊಣಕಾಲಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಬಿಳಿ ನೂಲಿನಿಂದ ಸಡಿಲವಾಗಿ ಕಟ್ಟಿ. ಹಳೆಯ ಮಲ್ ಬಟ್ಟೆಯ ಚಿಕ್ಕ ಚೀಲದಲ್ಲಿ ಹಾಕಿ. ಸ್ವೆಟರ್ ಒಗೆಯುವಾಗಲೆಲ್ಲ ಆ ಲಡಿಯನ್ನೂ ಅದೇ ನೀರಿನಲ್ಲಿ ಒಗೆಯಿರಿ, ಅದೇ ಜಾಗದಲ್ಲಿ ಚೀಲದಿಂದ ತೆಗೆದು ಒಣಗಿಸಿ. ಒಂದು ಸಲವೂ ತಪ್ಪಿಸಬಾರದು. ಇದಕ್ಕೆ ಎಲ್ಲರೂ ನಕ್ಕಿದ್ದಾರೆ, ನನ್ನ ಅತ್ತೆಯೂ ನಕ್ಕಿದ್ದರು. ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆ ಆದದ್ದು 1997ರಲ್ಲಿ. ಆ ವರ್ಷ ದೊಡ್ಡ ಮಗನಿಗೆ ಕಡು ನೀಲಿ ಸ್ವೆಟರ್ ಹೆಣೆದೆ, ಅವನಿಗೆ ಆಗ ಐದು ವರ್ಷ. ಎರಡು ಚಳಿಗಾಲ ಹಾಕಿಕೊಂಡ. ಮೂರನೆಯ ವರ್ಷ ತೋಳು ಗಿಡ್ಡವಾಯಿತು. ಲಡಿ ತೆಗೆದು ಮೂರು ಬೆರಳು ಹೆಣೆದೆ. ಅತ್ತೆ ಅಂಗಳದಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು, ಎಲ್ಲಿ ಸೇರಿದೆ ಅಂತ ಅವರ ಕಣ್ಣಿಗೆ ಕಾಣಲಿಲ್ಲ. ಅವರು ಕೌದಿ ಹೊಲಿಯುವುದರಲ್ಲಿ ಓಣಿಗೇ ಹೆಸರಾದವರು, ಅವರ ಕಣ್ಣು ತಪ್ಪಿಸುವುದು ಸುಲಭ ಇರಲಿಲ್ಲ. ಪೆಟ್ಟಿಗೆಯಲ್ಲಿ ಹೊಸದಾಗಿಯೇ ಇಟ್ಟ ಉಲ್ಲನ್ ಸೇರಿಸಿದ್ದರೆ ಮುಂಗೈಗೆ ಬಳೆ ಹಾಕಿದ ಹಾಗೆ ಕಡು ನೀಲಿ ಪಟ್ಟಿ ಕಾಣುತ್ತಿತ್ತು. ಸ್ವೆಟರಿನ ಬಣ್ಣ ಒಗೆದು ಒಗೆದು ಮಾಸಿರುತ್ತದೆ, ಲಡಿಯೂ ಅದರ ಜೊತೆಗೇ ಮಾಸಬೇಕು. ಉಣ್ಣೆಯದಾದರೆ ಕುಗ್ಗುವುದೂ ಜೊತೆಗೇ ಆಗುತ್ತದೆ.

ಉದ್ದ ಮಾಡುವಾಗ ಬಾರ್ಡರಿನ ಹೊಲಿಗೆ ಬಿಚ್ಚಿ, ಕೆಂಪು ಗಂಟು ಹುಡುಕಿ, ತುದಿ ಎಳೆಯಿರಿ. ಬಾರ್ಡರ್ ಸಾಲುಸಾಲಾಗಿ ಬರುತ್ತದೆ. ಕೊನೆಯ ಸಾಲನ್ನು ಅವಸರದಲ್ಲಿ ಎಳೆಯಬೇಡಿ, ಒಂದೊಂದು ಕುಣಿಕೆ ಬಿಚ್ಚಿದ ಹಾಗೆ 12 ನಂಬರ್ ಕಡ್ಡಿಗೆ ಏರಿಸಿಕೊಳ್ಳಿ, ಸಣ್ಣ ಕಡ್ಡಿ ಸುಲಭವಾಗಿ ಹೋಗುತ್ತದೆ. ಆಮೇಲೆ 10ರಲ್ಲಿ ಲಡಿಯ ದಾರದಿಂದ ಬೇಕಾದಷ್ಟು ಹೆಣೆಯಿರಿ. ಬಿಚ್ಚಿದ ದಾರ ಸುರುಳಿ ಸುರುಳಿ ಆಗಿರುತ್ತದೆ. ಅದನ್ನು ಹಾಗೆಯೇ ಹೆಣೆದರೆ ಬಾರ್ಡರ್ ಗಂಟುಗಂಟಾಗಿ ಕಾಣುತ್ತದೆ. ಅದನ್ನೂ ಲಡಿ ಮಾಡಿ ಉಗುರು ಬೆಚ್ಚಗಿನ ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ತೂಗುಹಾಕಿ, ಕೆಳಗೆ ಒಂದು ಚಮಚ ಕಟ್ಟಿಬಿಡಿ. ಮರುದಿನ ನೆಟ್ಟಗಾಗಿರುತ್ತದೆ. ಅದರಿಂದಲೇ ಬಾರ್ಡರ್ ಮತ್ತೆ ಹಾಕಿ.

ಕುಲಾವಿ, ಕಾಲುಚೀಲದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೂಸಿನದಕ್ಕೆ ತೂತಿನ ವಿನ್ಯಾಸ ಬೇಡ, ಬೆರಳು ಸಿಕ್ಕಿಕೊಳ್ಳುತ್ತದೆ. ಎರಡು ಬಣ್ಣ ಹಾಕಿದರೆ ಒಳಗೆ ದಾರ ಉದ್ದುದ್ದ ಬಿಡಬೇಡಿ, ಅದೇ ಕಾರಣಕ್ಕೆ. ಗದ್ದದ ಕೆಳಗೆ ಕಟ್ಟುವ ದಾರ ಗಿಡ್ಡ ಇರಲಿ, ಮಲಗಿಸುವಾಗ ಬಿಚ್ಚಿ ತೆಗೆಯಿರಿ.

ಒಗೆಯುವುದು ತಣ್ಣೀರಿನಲ್ಲಿ. ಬೋರ್‌ವೆಲ್ಲಿನ ಸವಳು ನೀರಿನಲ್ಲಿ ಸೋಪು ನೊರೆ ಬರುವುದಿಲ್ಲ, ಬಟ್ಟೆಯಲ್ಲಿಯೇ ಕುಳಿತು ಉಲ್ಲನ್ ಒರಟಾಗುತ್ತದೆ. ನಳದ ನೀರು ಬಂದ ದಿನ ಒಗೆಯಿರಿ. ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ಒತ್ತಿ. ಹಗ್ಗಕ್ಕೆ ಹಾಕಿದರೆ ನೀರಿನ ಭಾರಕ್ಕೆ ಜಗ್ಗಿ ಮೊಣಕಾಲಿಗೆ ಬರುತ್ತದೆ, ನೆರಳಿನಲ್ಲಿ ಮಂಚದ ಮೇಲೆ ಹರಡಿ. ಇಸ್ತ್ರಿ ಮುಟ್ಟಿಸಬೇಡಿ, ಮಿಶ್ರ ಉಲ್ಲನ್ ಒಮ್ಮೆ ಚಪ್ಪಟೆಯಾದರೆ ಮತ್ತೆ ಮೇಲೆ ಏಳುವುದಿಲ್ಲ. ಶಿವರಾತ್ರಿ ಆದ ಮೇಲೆ ಚೆನ್ನಾಗಿ ಒಣಗಿದ ಬೇವಿನ ಎಲೆಯ ಜೊತೆ ಟ್ರಂಕಿಗೆ ಹಾಕಿ.

ಆ ಹುಡುಗಿಯ ಸ್ವೆಟರಿಗೆ ಏನು ಮಾಡಿದೆ ಅಂದರೆ, ತೋಳು ಪೂರ್ತಿ ಭುಜದಿಂದ ಬಿಚ್ಚಿಸಿದೆ. ಅವಳ ಕೈಯಿಂದಲೇ. ಈಗ ದಿನಾ ಸಂಜೆ ನಮ್ಮ ಕಟ್ಟೆಗೆ ಬಂದು ಮೇಲಿನಿಂದ ಕೆಳಕ್ಕೆ ಹೆಣೆಯುತ್ತಿದ್ದಾಳೆ. ಒಂದು ತೋಳು ಮುಗಿದಿದೆ. ಹಳೆಯ ಉಲ್ಲನ್ ಸ್ವಲ್ಪ ಉಳಿದಿತ್ತು, ಅದನ್ನು ನಾಲ್ಕು ಸಲ ಒಗೆದು ಒಣಗಿಸಿಕೊಂಡು ಬಾ ಅಂದಿದ್ದೇನೆ. ಇನ್ನೂ ಎರಡೇ ಸಲ ಆಗಿದೆಯಂತೆ.