ರಿಪೀಟರ್‌ಗೆ ಕಿವಿ ಮಂದವಾದರೆ ಮೊದಲು ಡಮ್ಮಿ ಲೋಡ್ ಹಾಕಿ ನೋಡಿ

ಮನೆಯಲ್ಲೇ ಕಟ್ಟಿದ, ಹ್ಯಾಮ್ ರೇಡಿಯೊದ 2 ಮೀಟರ್ ಬ್ಯಾಂಡ್‌ನ ರಿಪೀಟರ್ (ಬಂದ ಸಿಗ್ನಲ್ ಹಿಡಿದು ಆಗಲೇ ಬೇರೆ ಫ್ರೀಕ್ವೆನ್ಸಿಯಲ್ಲಿ ಮರುಪ್ರಸಾರ ಮಾಡುವ ಯಂತ್ರ) ದೂರದ ಹ್ಯಾಂಡಿಗಳನ್ನು, ಅಂದರೆ ಕೈಯಲ್ಲಿ ಹಿಡಿಯುವ ರೇಡಿಯೊಗಳನ್ನು, ಸರಿಯಾಗಿ ಹಿಡಿಯುತ್ತಿಲ್ಲವಾದರೆ, ಡುಪ್ಲೆಕ್ಸರ್ (ಒಂದೇ ಆಂಟೆನಾವನ್ನು ಟ್ರಾನ್ಸ್‌ಮಿಟರ್, ರಿಸೀವರ್ ಎರಡೂ ಒಟ್ಟಿಗೆ ಬಳಸಲು ಬಿಡುವ ಫಿಲ್ಟರ್) ಟ್ಯೂನಿಂಗ್ ಮುಟ್ಟುವ ಮೊದಲು ಹೀಗೆ ಮಾಡಿ. ಒಬ್ಬರು ಹ್ಯಾಂಡಿಯನ್ನು ಲೋ ಪವರ್‌ನಲ್ಲಿಟ್ಟು, ದನಿಯಲ್ಲಿ ಕರಕರ ಸದ್ದು ಬರುವಷ್ಟು ದೂರ ಹೋಗಲಿ. ನೀವು ರಿಸೀವರ್‌ನ ಸ್ಪೀಕರ್‌ನಲ್ಲೇ ಕೇಳುತ್ತಾ ಟ್ರಾನ್ಸ್‌ಮಿಟರ್ ಆಫ್ ಮಾಡಿ. ದನಿ ತಟ್ಟನೆ ಸ್ಪಷ್ಟವಾದರೆ, ನಮ್ಮ ಟ್ರಾನ್ಸ್‌ಮಿಟರ್ರೇ ನಮ್ಮ ರಿಸೀವರನ್ನು ಕಿವುಡು ಮಾಡುತ್ತಿದೆ ಎಂದರ್ಥ. ಈಗ ಆಂಟೆನಾ ಬಿಚ್ಚಿ ಅಲ್ಲಿ 50 ಓಮ್ ಡಮ್ಮಿ ಲೋಡ್ (ಪವರನ್ನು ಗಾಳಿಗೆ ಬಿಡದೆ ಶಾಖವಾಗಿ ಹೀರಿಕೊಳ್ಳುವ, ಆಂಟೆನಾ ಬದಲಿಗೆ ಹಾಕುವ ರೆಸಿಸ್ಟರ್) ಹಾಕಿ, ಹ್ಯಾಂಡಿ ಹತ್ತಿರ ತಂದು ಅದೇ ಪರೀಕ್ಷೆ ಮಾಡಿ. ತೊಂದರೆ ಮಾಯವಾದರೆ ತಪ್ಪು ಮೇಲಿದೆ: ಕೇಬಲ್, ಕನೆಕ್ಟರ್ ಅಥವಾ ಆಂಟೆನಾ. ಹಾಗೇ ಉಳಿದರೆ ಡುಪ್ಲೆಕ್ಸರ್ ಅಥವಾ ಒಳಗಿನ ತುಂಡು ಕೇಬಲ್‌ಗಳು. ಒಂದೇ ಪದರದ ಜಾಲರಿಯ ಆರ್‌ಜಿ-58 ಕೇಬಲ್ ಇದ್ದರೆ ತೆಗೆದು, ಎರಡು ಪದರದ ಆರ್‌ಜಿ-223 ಅಥವಾ ಆರ್‌ಜಿ-400 ಹಾಕಿ. ಇಲ್ಲಿ ಒಳಬರುವ, ಹೊರಹೋಗುವ ಫ್ರೀಕ್ವೆನ್ಸಿಗಳ ನಡುವೆ ಇರುವುದು ಬರೀ 600 ಕಿಲೋಹರ್ಟ್ಸ್, ಅಲ್ವಾ? ಕನೆಕ್ಟರ್ ಒಳಗೆ ಹಸಿರು ಕಿಲುಬು ಹಿಡಿದಿದ್ದರೂ ಸಾಕು, ಅಲ್ಲಿ ಹುಟ್ಟುವ ಸದ್ದು ನೇರ ರಿಸೀವರ್‌ಗೆ ಬೀಳುತ್ತದೆ. ಡಮ್ಮಿ ಲೋಡ್ ನಿಮ್ಮ ಪೂರ್ತಿ ಪವರ್ ತಡೆಯುವಂಥದ್ದೇ ಇರಲಿ. ಮಳೆ ಗಾಳಿಗೆ ಮಾತ್ರ ಬಂದು ಹೋಗುವ ತೊಂದರೆ ಒಣ ಬಿಸಿಲಿನಲ್ಲಿ ಸಿಗುವುದಿಲ್ಲ. ಆಗ ಆಂಟೆನಾ ಜೋಡಿಸಿಟ್ಟುಕೊಂಡೇ ಕೇಬಲ್ಲನ್ನು ಅಲ್ಲಲ್ಲಿ ಅಲುಗಾಡಿಸುತ್ತಾ ಕೇಳಿ. ಪಕ್ಕದ ಟವರ್‌ನಿಂದ ಬರುವ ಗದ್ದಲಕ್ಕೂ ಈ ಪರೀಕ್ಷೆ ಉತ್ತರ ಕೊಡಲ್ಲ, ಏಕೆಂದರೆ ನಮ್ಮ ಟ್ರಾನ್ಸ್‌ಮಿಟರ್ ಆಫ್ ಆದರೂ ಅದು ಇದ್ದೇ ಇರುತ್ತದೆ.