ಜರ್ಮನಿಗೆ ಬಂದ ಹೊಸಬರಿಗೆ: ಬಡ್ಡಿ ಸೊನ್ನೆಗಿಂತ ಕೆಳಗಿಳಿದಾಗ

ಇಲ್ಲಿ ಖಾತೆ ತೆರೆಯುವಾಗ ಹೊಸಬರು ಬಡ್ಡಿ ಎಷ್ಟು ಅಂತ ಮಾತ್ರ ಕೇಳುತ್ತಾರೆ. ದುಡ್ಡು ಇಟ್ಟಿದ್ದಕ್ಕೆ ನಾವೇ ಕಟ್ಟಬೇಕಾ ಅಂತಲೂ ಕೇಳಿ. ಈ ದೇಶದಲ್ಲಿ ಹಾಗೆ ನಡೆದದ್ದುಂಟು.

ಯೂರೋಪಿನ ಕೇಂದ್ರ ಬ್ಯಾಂಕು 2014ರ ಜೂನ್‌ನಲ್ಲಿ ಠೇವಣಿ ದರವನ್ನು, ಅಂದರೆ ಬ್ಯಾಂಕುಗಳು ತನ್ನಲ್ಲಿ ಇಡುವ ಹಣಕ್ಕೆ ಕೊಡುವ ಬಡ್ಡಿಯನ್ನು, ಮೈನಸ್ 0.1%ಗೆ ಇಳಿಸಿತು. 2019ರ ಸೆಪ್ಟೆಂಬರ್‌ನಲ್ಲಿ ಅದು ಮೈನಸ್ 0.5% ಆಯಿತು. ಬ್ಯಾಂಕುಗಳು ಹಣವನ್ನು ಸುಮ್ನೆ ಇಟ್ಟುಕೊಳ್ಳದೆ ಸಾಲ ಕೊಡಲಿ, ವ್ಯಾಪಾರ ಚುರುಕಾಗಲಿ ಅನ್ನೋದು ಉದ್ದೇಶ.

ಪೆಟ್ಟು ಮೊದಲು ಬಿದ್ದದ್ದು ಬ್ಯಾಂಕುಗಳಿಗೆ. 10 ಕೋಟಿ ಯೂರೋ ಹೆಚ್ಚುವರಿ ಹಣ ಕೇಂದ್ರ ಬ್ಯಾಂಕಿನಲ್ಲಿ ಬಿಟ್ಟರೆ, ಮೈನಸ್ 0.5% ದರದಲ್ಲಿ ವರ್ಷಕ್ಕೆ 5 ಲಕ್ಷ ಯೂರೋ ಕೈಬಿಟ್ಟು ಹೋಗುತ್ತಿತ್ತು. ಅದನ್ನು ಗ್ರಾಹಕರ ಮೇಲೆ ಹಾಕಿದರೆ ಅವರು ನೋಟು ಬಿಡಿಸಿಕೊಂಡು ಮನೆಯಲ್ಲಿ ಇಟ್ಟುಕೊಳ್ಳಬಹುದು, ಅಲ್ವಾ? ಹಾಗಾಗಿ ಹೆಚ್ಚಿನವರ ಉಳಿತಾಯದ ಬಡ್ಡಿ ಸೊನ್ನೆಯ ಆಸುಪಾಸಿನಲ್ಲೇ ನಿಂತಿತು. ಇತ್ತ ಸಾಲದ ಬಡ್ಡಿ ಮಾತ್ರ ಇಳಿಯಿತು. ನಡುವೆ ಬ್ಯಾಂಕಿಗೆ ಸಿಗುತ್ತಿದ್ದ ಲಾಭ ಕರಗಿತು. ಕೊನೆಗೆ 2019ರ ಅಕ್ಟೋಬರ್ ಕೊನೆಯಿಂದ ಕೇಂದ್ರ ಬ್ಯಾಂಕೇ ಒಂದಷ್ಟು ಹಣಕ್ಕೆ ವಿನಾಯಿತಿ ಕೊಟ್ಟಿತು.

ಆದರೂ ಅನೇಕ ಬ್ಯಾಂಕುಗಳು ದೊಡ್ಡ ಮೊತ್ತ ಇಟ್ಟವರಿಂದ 'ಫೆರ್ವಾರೆಂಟ್‌ಗೆಲ್ಟ್', ಅಂದರೆ ಹಣ ಕಾಯುವ ಶುಲ್ಕ, ವಸೂಲಿ ಮಾಡಿದವು. 1 ಲಕ್ಷ ಯೂರೋವರೆಗೆ ವಿನಾಯಿತಿ, ಅದರ ಮೇಲಿನದಕ್ಕೆ 0.5% ಅಂದುಕೊಳ್ಳಿ. ಖಾತೆಯಲ್ಲಿ ಒಂದೂವರೆ ಲಕ್ಷ ಇದ್ದವರು ವರ್ಷಕ್ಕೆ 250 ಯೂರೋ ಕಟ್ಟಬೇಕು. ಮನೆ ಕೊಳ್ಳಲು ದುಡ್ಡು ಕೂಡಿಟ್ಟವರಿಗೆ ಇದು ತಾಗುವ ಮಾತು. ಸಣ್ಣ ಉಳಿತಾಯದವರಿಗೆ ಶುಲ್ಕ ಇಲ್ಲದಿದ್ದರೂ ನಷ್ಟ ತಪ್ಪಲಿಲ್ಲ. ಬೆಲೆ ಏರುತ್ತಿರುವಾಗ ಸೊನ್ನೆ ಬಡ್ಡಿಯ ಹಣ ಸದ್ದಿಲ್ಲದೆ ಸವೆಯುತ್ತೆ. ನನ್ನ ಪ್ರಕಾರ ಜಾಸ್ತಿ ಜನರನ್ನು ತಟ್ಟಿದ್ದು ಇದೇ. ಮನೆ ಸಾಲ ಮಾಡಿದವರಿಗೆ ಮಾತ್ರ ಒಳ್ಳೆಯ ಕಾಲ.

2022ರ ಜುಲೈನಲ್ಲಿ ದರ ಸೊನ್ನೆಗೆ ಬಂತು, ಆಮೇಲೆ ಏರಿತು. 2025ರ ಫೆಬ್ರವರಿಯಲ್ಲಿ ಜರ್ಮನಿಯ ಫೆಡರಲ್ ನ್ಯಾಯಾಲಯ ಒಂದು ತೀರ್ಪು ಕೊಟ್ಟಿತು: ಉಳಿತಾಯ ಖಾತೆಗೆ ಈ ಶುಲ್ಕ ಹಾಕುವ ಷರತ್ತು ಊರ್ಜಿತವಲ್ಲ. ಗಿರೋ, ಅಂದರೆ ಸಂಬಳ ಬೀಳುವ ಖಾತೆಯ ಷರತ್ತುಗಳನ್ನು ಅಸ್ಪಷ್ಟವಾಗಿವೆ ಅಂತ ತಳ್ಳಿಹಾಕಿತು. ಅಂಥ ಶುಲ್ಕ ತತ್ತ್ವದಲ್ಲೇ ತಪ್ಪು ಅಂತ ಹೇಳಲಿಲ್ಲ. ಆದ್ದರಿಂದ ಗಿರೋ ಖಾತೆಯ ದರಪಟ್ಟಿ ಪೂರ್ತಿ ಓದಿ. ಹೊಸ ಷರತ್ತಿಗೆ ಒಪ್ಪಿಗೆ ಕೇಳಿ ಪತ್ರ ಬಂದರೆ ಓದದೆ ಸಹಿ ಹಾಕಬೇಡಿ. ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 1 ಲಕ್ಷ ಯೂರೋವರೆಗೆ ಠೇವಣಿ ಭದ್ರತೆ ಇರೋದರಿಂದ, ಅದಕ್ಕಿಂತ ಜಾಸ್ತಿ ಇದ್ದರೆ ಹೇಗೂ ಎರಡು ಬ್ಯಾಂಕಿಗೆ ಹಂಚಿಡಿ.