ಗೋಡೆಯ ಕೋವಿಗೆ ಸೈಟ್ ಸ್ಕ್ರೂ ಹುಡುಕುವುದು ಹೇಗೆ?

ಚಿಕ್ಕಮಗಳೂರಿನ ಎಸ್ಟೇಟ್ ಬಂಗಲೆಗಳಲ್ಲಿ, ಹೋಂಸ್ಟೇಗಳ ಹಜಾರದಲ್ಲಿ ಗೋಡೆಗೆ ನೇತುಹಾಕಿದ ಹಳೇ ಕಾಲದ ಕೋವಿಗಳನ್ನು ನೋಡಿರುತ್ತೀರಿ. ಎಲ್ಲವೂ ಅಸಲಿ ಅಲ್ಲ. ಎಷ್ಟೋ ಕೋವಿಗಳು ಅದೇ ರೂಪದಲ್ಲಿ ಈಚೆಗೆ ಮಾಡಿದ ಪ್ರತಿಕೃತಿಗಳು. 1857ರ ದಂಗೆಯ ಕಥೆಯಲ್ಲಿ ಬರುವ 1853ರ ಎನ್‌ಫೀಲ್ಡ್ ಮಾದರಿಯನ್ನೇ ತೆಗೆದುಕೊಳ್ಳಿ. ಅದರ ಹಿಂದಿನ ಸೈಟ್, ಅಂದರೆ ನಳಿಗೆಯ ಮೇಲೆ ಗುರಿ ನೋಡುವ ಭಾಗ, ಪುಟ್ಟ ಏಣಿಯ ಹಾಗೆ ಎದ್ದು ನಿಲ್ಲುತ್ತದೆ. ಮನೆಗೆ ಬಂದ ಮಕ್ಕಳು ಅದನ್ನು ಏಳಿಸಿ ಮಲಗಿಸಿ ಆಟ ಆಡುತ್ತಾರೆ. ಅಡಿಯ ಪಟ್ಟಿ ಸ್ಪ್ರಿಂಗನ್ನು ಹಿಡಿದಿರುವ ಸ್ಕ್ರೂ ಸಡಿಲವಾಗಿ ಬೀಳುತ್ತದೆ, ಮರುದಿನ ಕಸದ ಜೊತೆ ಹೋಗುತ್ತದೆ.

ಈ ಸ್ಕ್ರೂ ಅಂಗಡಿಗೆ ಹೋಗಿ ಹೆಸರು ಹೇಳಿದರೆ ಸಿಗುವುದಿಲ್ಲ. ಅಳತೆ ಗೊತ್ತಿದ್ದರೆ ಸಿಗುತ್ತದೆ. ಸಿಗದಿದ್ದರೆ ಮಾಡಿಸಬಹುದು. ಹೋದ ಸ್ಕ್ರೂ ದೊಡ್ಡ ವಿಷಯ ಅಲ್ಲ, ತೂತಿನೊಳಗಿನ ಥ್ರೆಡ್, ಅಂದರೆ ಸ್ಕ್ರೂ ಹಿಡಿಯುವ ಸುರುಳಿ ಗೆರೆ, ಕೆಟ್ಟರೆ ಕಷ್ಟ. ಆದ್ದರಿಂದ ಕೈಗೆ ಸಿಕ್ಕಿದ ಸ್ಕ್ರೂ ತಂದು ಸುಮ್ನೆ ತಿರುಗಿಸಲು ಹೋಗಬೇಡಿ.

ಕೋವಿ ಯಾವುದು ಎಂದು ಮೊದಲು ನೋಡಿ

ಇಲ್ಲಿ ಹೇಳುವುದೆಲ್ಲ ಗುಂಡು ಹಾರಿಸಲಾಗದ ಅಲಂಕಾರದ ಕೋವಿಗೆ ಮಾತ್ರ. ಅಜ್ಜನ ಕಾಲದ ಕೇಪಿನ ಕೋವಿ ಮನೆಯಲ್ಲಿದ್ದರೆ ಅದರ ಲೆಕ್ಕವೇ ಬೇರೆ. ಮದ್ದು ತುಂಬಿ ಹಾರಿಸಬಹುದಾದ ಕೋವಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಲೈಸೆನ್ಸ್ ಬೇಕು. ಅದನ್ನು ರಿಪೇರಿ ಮಾಡಿಕೊಡುವವರಿಗೂ ಲೈಸೆನ್ಸ್ ಬೇಕು. ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೆ ಇರುವ ವಿನಾಯಿತಿ ನಮ್ಮ ಜಿಲ್ಲೆಗೆ ಇಲ್ಲ. ಅಂಥ ಕೋವಿಯ ಸೈಟ್ ಅಲ್ಲಾಡುತ್ತಿದ್ದರೆ ಲೈಸೆನ್ಸ್ ಇರುವ ಗನ್ ಅಂಗಡಿಗೇ ಕೊಡಿ. ಲೇತ್ ಅಂಗಡಿಗೆ ಬೇಡ.

ಹಾರಿಸಲಾಗದ ಪ್ರತಿಕೃತಿಯೇ ಎಂದು ಖಾತ್ರಿಯಾದ ಮೇಲೆ ಒಂದು ಅಯಸ್ಕಾಂತ ಹಿಡಿದು ನೋಡಿ. ಸೈಟ್ ಮತ್ತು ನಳಿಗೆಗೆ ಅಂಟಿದರೆ ಉಕ್ಕು. ಭಾರ ಇದ್ದೂ ಅಂಟದಿದ್ದರೆ ಅದು ಸತುವಿನ ಮಿಶ್ರಲೋಹದ ಎರಕ ಇರಬಹುದು. ಇದು ಮೆತ್ತಗಿನ ಲೋಹ. ಉಕ್ಕಿನ ಸ್ಕ್ರೂವನ್ನು ಸ್ವಲ್ಪ ಜೋರಾಗಿ ಬಿಗಿದರೂ ಥ್ರೆಡ್ ಪುಡಿಯಾಗಿ ಹೊರಗೆ ಬರುತ್ತದೆ.

ಅಳತೆ ಹಿಡಿಯುವುದು

ಹಳೇ ಸ್ಕ್ರೂ ಇದ್ದರೆ ಕೆಲಸ ಅರ್ಧ ಮುಗಿದಂತೆ. ತುಕ್ಕು ಹಿಡಿದು ಕೂತಿದ್ದರೆ ಸೀಮೆಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಸ್ಕ್ರೂ ತಲೆಯ ಗೆರೆಯನ್ನು ತುಂಬಿಕೊಳ್ಳುವ ಸ್ಕ್ರೂಡ್ರೈವರ್, ಅಂದರೆ ಗೆರೆಯ ಅಗಲಕ್ಕೂ ಉದ್ದಕ್ಕೂ ಸರಿಯಾಗಿ ಕೂರುವಂಥದ್ದು ಬೇಕು. ತೆಳ್ಳಗಿನ ಬಾಯಿ ಇದ್ದರೆ ಜಾರಿ ತಲೆಯ ಅಂಚು ತಿನ್ನುತ್ತದೆ.

ಸ್ಕ್ರೂ ಹೊರಬಂದ ಮೇಲೆ ವರ್ನಿಯರ್‌ನಲ್ಲಿ ಥ್ರೆಡ್‌ನ ಹೊರಗಿನ ದಪ್ಪ ಅಳೆಯಿರಿ. ಬಳಿಕ ಪಿಚ್, ಅಂದರೆ ಒಂದು ಥ್ರೆಡ್‌ನಿಂದ ಮುಂದಿನದಕ್ಕೆ ಇರುವ ದೂರ. ಒಂದನ್ನೇ ಅಳೆದರೆ ತಪ್ಪುತ್ತದೆ. 10 ಥ್ರೆಡ್‌ಗಳ ಉದ್ದ ಅಳೆದು ಹತ್ತರಿಂದ ಭಾಗಿಸಿ. ಸ್ಕ್ರೂ ಗಿಡ್ಡವಾಗಿದ್ದರೆ ಐದನ್ನೇ ಎಣಿಸಿ.

ಸ್ಕ್ರೂ ಕಳೆದೇ ಹೋಗಿದ್ದರೆ? ಐಸ್‌ಕ್ರೀಂ ಕಡ್ಡಿಯಂಥ ಮೆತ್ತಗಿನ ಮರವನ್ನು ದುಂಡಗೆ ಕೆತ್ತಿ, ತೂತಿಗೆ ಬಿಗಿಯಾಗುವ ಹಾಗೆ ಮಾಡಿಕೊಳ್ಳಿ. ನಿಧಾನವಾಗಿ ಒತ್ತುತ್ತಾ ಬಲಕ್ಕೆ ತಿರುಗಿಸಿ, ಹಾಗೇ ಎಡಕ್ಕೆ ತಿರುಗಿಸಿ ಹೊರಗೆ ತನ್ನಿ. ಕಡ್ಡಿಯ ಮೇಲೆ ಥ್ರೆಡ್‌ನ ಗುರುತು ಸಾಲಾಗಿ ಮೂಡಿರುತ್ತದೆ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಎಣಿಸಲು ಬರುತ್ತದೆ.

ಇಷ್ಟೆಲ್ಲ ಯಾಕೆ ಅಂದರೆ, ಈ ಸ್ಕ್ರೂಗಳು ಕಣ್ಣಿಗೆ ಒಂದೇ ಥರ ಕಾಣುತ್ತವೆ. 3.5 ಮಿ.ಮೀ. ಆಸುಪಾಸಿನ ದಪ್ಪದಲ್ಲೇ ನೋಡಿ. ಮೆಟ್ರಿಕ್‌ನ ಎಂ3.5ರಲ್ಲಿ 10 ಥ್ರೆಡ್‌ಗೆ 6 ಮಿ.ಮೀ. ಇಂಗ್ಲೆಂಡಿನ ಹಳೇ ಬಿಎ ಅಳತೆಯ 4ಬಿಎ 3.6 ಮಿ.ಮೀ. ದಪ್ಪ, 10 ಥ್ರೆಡ್‌ಗೆ 6.6 ಮಿ.ಮೀ. ಅಮೆರಿಕದ 6-32ರಲ್ಲಿ ಸುಮಾರು 7.9 ಮಿ.ಮೀ., ಅಲ್ಲಿನ ಬಂದೂಕಿನ ಸೈಟ್‌ಗಳಿಗೆ ಬಳಸುವ 6-48ರಲ್ಲಿ 5.3 ಮಿ.ಮೀ. ಹೊಲಿಗೆ ಮಷೀನಿನಲ್ಲಿ ಬರುವ ಒಂದು ಸ್ಕ್ರೂ ಕೂಡ ಇದೇ ದಪ್ಪ, 10 ಥ್ರೆಡ್‌ಗೆ 6.35 ಮಿ.ಮೀ. ಐದರಲ್ಲಿ ಯಾವುದನ್ನು ಹಾಕಿದರೂ ಮೊದಲ ಒಂದೆರಡು ಸುತ್ತು ಹೋಗುತ್ತದೆ. ಆಮೇಲೆ ಬಿಗಿಯಾಗುತ್ತದೆ. ಅಲ್ಲಿ ಒತ್ತಿ ತಿರುಗಿಸಿದರೆ ಒಳಗಿನ ಥ್ರೆಡ್ ಕಿತ್ತುಬರುತ್ತದೆ. ಹೆಚ್ಚಿನ ಪ್ರತಿಕೃತಿಗಳು ಹಾಳಾಗುವುದು ಇಲ್ಲೇ ಎಂಬುದು ನನ್ನ ಅನಿಸಿಕೆ.

ಎಲ್ಲಿ ತಯಾರಾಯಿತು ಎಂದು ಗೊತ್ತಾದರೆ ಊಹೆ ಸುಲಭ. ಇಟಲಿಯ ಗಾರ್ಡೊನೆ ವಾಲ್ ಟ್ರೊಂಪಿಯಾ ಕಡೆ ತಯಾರಾದ ಪ್ರತಿಕೃತಿಗಳಲ್ಲಿ ಸಾಮಾನ್ಯವಾಗಿ ಮೆಟ್ರಿಕ್. ನಮ್ಮಲ್ಲಿ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಮಾಡಿದ್ದರಲ್ಲಿ ಮಾಡಿದವರ ಕೈಯಲ್ಲಿ ಯಾವ ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ) ಇತ್ತೋ ಅದೇ. ಊಹೆ ಏನೇ ಇರಲಿ, ಅಳತೆಯನ್ನೇ ನಂಬಿ.

ಎಲ್ಲಿ ಹುಡುಕುವುದು

ಪೇಟೆಗೆ ಹೋಗುವಾಗ ಕೋವಿ ಒಯ್ಯಬೇಡಿ. ಬಸ್ಸಿನಲ್ಲಿ, ರಸ್ತೆಯಲ್ಲಿ ಅದು ಪ್ರತಿಕೃತಿ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಸೈಟ್ ಬಿಚ್ಚಿಕೊಂಡು ಬರಲು ಆದರೆ ಅದನ್ನು, ಇಲ್ಲದಿದ್ದರೆ ಹಳೇ ಸ್ಕ್ರೂ ಅಥವಾ ಆ ಮರದ ಕಡ್ಡಿ ಒಯ್ದರೆ ಸಾಕು.

ಎಂ3, ಎಂ4 ಆದರೆ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಅಲ್ಲಿ ಜಾಸ್ತಿ ಇರುವುದು ಪ್ಲಸ್ ತಲೆಯದು. ಆ ತಲೆಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದೇ 1930ರ ದಶಕದಲ್ಲಿ. 1853ರ ಮಾದರಿಯ ಮೇಲೆ ಅದು ಕಣ್ಣಿಗೆ ಚುಚ್ಚುತ್ತದೆ. ಒಂದೇ ಗೆರೆಯ ತಲೆ ಕೇಳಿ. ಬಿಎ ಅಳತೆಯಾದರೆ ಹಳೇ ಬುಲೆಟ್ ಬೈಕ್ ರಿಪೇರಿ ಮಾಡುವ ಮೆಕ್ಯಾನಿಕ್‌ಗಳನ್ನು ವಿಚಾರಿಸಿ. ಇಂಗ್ಲೆಂಡಿನ ಹಳೇ ಬೈಕುಗಳ ಕರೆಂಟಿನ ಭಾಗಗಳಲ್ಲಿ ಬಿಎ ಸ್ಕ್ರೂಗಳೇ ಇರುತ್ತಿದ್ದವು. ಅವರ ಹಳೇ ಡಬ್ಬಿಯಲ್ಲಿ ಒಂದೆರಡು ಉಳಿದಿರಬಹುದು. ಹೊಲಿಗೆ ಮಷೀನ್ ರಿಪೇರಿ ಅಂಗಡಿಯನ್ನೂ ಬಿಡಬೇಡಿ. ಇಲ್ಲೆಲ್ಲೂ ಇಲ್ಲದಿದ್ದರೆ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರಸ್ತೆ ಇದ್ದೇ ಇದೆ.

ಆದರೂ ನನ್ನ ಮಾತು ಕೇಳಿದರೆ, ಅಲೆಯುವುದಕ್ಕಿಂತ ಲೇತ್‌ನವರ ಹತ್ತಿರ ಮಾಡಿಸುವುದೇ ಲೇಸು. ಚಿಕ್ಕಮಗಳೂರಿನಲ್ಲೂ ಹಾಸನದಲ್ಲೂ ಕಾಫಿ ಪಲ್ಪರ್, ಪಂಪ್‌ಸೆಟ್ ಭಾಗ ಮಾಡಿಕೊಡುವ ಒಳ್ಳೆಯ ಕೈಗಳಿವೆ. ದಪ್ಪ, ಪಿಚ್, ಉದ್ದ, ತಲೆಯ ಅಗಲ ನಾಲ್ಕನ್ನೂ ಚೀಟಿಯಲ್ಲಿ ಬರೆದುಕೊಡಿ. ಸಾದಾ ಉಕ್ಕಿನಲ್ಲೇ ಮಾಡಲು ಹೇಳಿ. ಸ್ಟೇನ್‌ಲೆಸ್ ಆದರೆ ಹೊಳೆದು ಎದ್ದು ಕಾಣುತ್ತದೆ.

ಬಣ್ಣ ಬರಿಸಿ, ಕೂರಿಸುವುದು

ಹೊಸ ಸ್ಕ್ರೂ ಬೆಳ್ಳಗಿರುತ್ತದೆ. ಅದಕ್ಕೆ ಹಳೇ ಕೋವಿಯ ನೀಲಿ ಬರಿಸುವುದು ಮನೆಯಲ್ಲೇ ಆಗುವ ಕೆಲಸ. ತಲೆಯನ್ನು ನಯವಾದ ಉಪ್ಪುಕಾಗದದಲ್ಲಿ ಉಜ್ಜಿ, ಎಣ್ಣೆಯ ಜಿಡ್ಡು ಒಂಚೂರೂ ಇಲ್ಲದ ಹಾಗೆ ಒರೆಸಿ. ಹಳೇ ಕಬ್ಬಿಣದ ಸೌಟಿನಲ್ಲಿ ಹಿತ್ತಾಳೆಯ ಪುಡಿ ಹಾಕಿ. ಲೇತ್ ಅಂಗಡಿಯಲ್ಲೇ ಸಿಗುತ್ತದೆ. ತಲೆ ಮೇಲೆ ಬರುವಂತೆ ಸ್ಕ್ರೂವನ್ನು ಅದರಲ್ಲಿ ನಿಲ್ಲಿಸಿ ಸಣ್ಣ ಉರಿಯಲ್ಲಿ ಕಾಯಿಸಿ. ಮೊದಲು ಒಣಹುಲ್ಲಿನ ಬಣ್ಣ ಬರುತ್ತದೆ, ಆಮೇಲೆ ಕಂದು, ನೇರಳೆ. 300 ಡಿಗ್ರಿ ಸೆಲ್ಸಿಯಸ್ ಹತ್ತಿರ ಗಾಢ ನೀಲಿ. ನೀಲಿ ಬಂದ ತಕ್ಷಣ ಚಿಮಟದಲ್ಲಿ ಎತ್ತಿಬಿಡಿ. ತಡವಾದರೆ ಬಣ್ಣ ಬೂದಿಗೆ ತಿರುಗುತ್ತದೆ, ಮತ್ತೆ ಉಜ್ಜಿ ಶುರು ಮಾಡಬೇಕು. ಅಡುಗೆಮನೆಯ ಕಿಟಕಿ ತೆರೆದಿರಲಿ, ಮಕ್ಕಳು ದೂರ ಇರಲಿ.

ಕೂರಿಸುವಾಗ ಸ್ಕ್ರೂವನ್ನು ತೂತಿನ ಮೇಲಿಟ್ಟು ಮೊದಲು ಎಡಕ್ಕೆ ತಿರುಗಿಸಿ. ಥ್ರೆಡ್‌ನ ಬಾಯಿ ಸಿಕ್ಕಿದಾಗ ಟಕ್ ಎಂದು ಒಂದಿಷ್ಟು ಕೆಳಗೆ ಇಳಿಯುತ್ತದೆ. ಅಲ್ಲಿಂದ ಬಲಕ್ಕೆ ತಿರುಗಿಸಿ, ಬೆರಳಲ್ಲೇ. ಕೊನೆಯ ಬಿಗಿತಕ್ಕೆ ಮಾತ್ರ ಸ್ಕ್ರೂಡ್ರೈವರ್. ತಲೆ ಕೂರುವ ಮೊದಲೇ ತುದಿ ತಳ ಮುಟ್ಟಿದರೆ ಸ್ಕ್ರೂ ಉದ್ದವಾಗಿದೆ ಅಂತ ಅರ್ಥ. ತೆಗೆದು ತುದಿಯನ್ನು ಅರದಲ್ಲಿ ಉಜ್ಜಿ. ಫೆವಿಕ್ವಿಕ್, ಅರಲ್ಡೈಟ್ ಹಾಕಿ ಕೂರಿಸಬೇಡಿ, ಮತ್ತೆ ಬಿಚ್ಚಲು ಆಗುವುದಿಲ್ಲ. ಸಡಿಲವಾಗುವ ಭಯ ಇದ್ದರೆ ಥ್ರೆಡ್‌ಗೆ ಒಂದು ಹನಿ ನೇಲ್ ಪಾಲಿಶ್ ಸಾಕು.

ನಮ್ಮ ಮಳೆಗಾಲದ ಥಂಡಿಗೆ ಸ್ಕ್ರೂ ಬೇಗ ತುಕ್ಕು ಹಿಡಿಯುತ್ತದೆ. ಜೂನ್‌ಗೆ ಮುಂಚೆ ಮಷೀನ್ ಎಣ್ಣೆ ತಾಗಿಸಿದ ಬಟ್ಟೆಯಲ್ಲಿ ತಲೆ ಒರೆಸಿ. ಕೊಬ್ಬರಿ ಎಣ್ಣೆ ಬೇಡ, ಚಳಿಗೆ ಹೆಪ್ಪುಗಟ್ಟುತ್ತದೆ. ಲೇತ್‌ನವರ ಹತ್ತಿರ ಮಾಡಿಸುವಾಗಲೇ ಒಂದರ ಬದಲು ಎರಡು ಮಾಡಿಸಿ. ಉಳಿದದ್ದನ್ನು ಅಳತೆಯ ಚೀಟಿಯ ಜೊತೆ ಪುಟ್ಟ ಪ್ಲಾಸ್ಟಿಕ್ ಕವರಿಗೆ ಹಾಕಿ, ಕೋವಿ ನೇತುಹಾಕಿದ ಮೊಳೆಗೇ ಕಟ್ಟಿಡಿ.